ಜೊತೆಗೊಂದು ಮಗು

ನಮ್ಮ ಮನೆಯಿಂದ ಬೀದಿಯವರು ಕೇಳಿ ಒಯ್ಯುತ್ತಿದ್ದದ್ದು ಎರಡನ್ನು: ಏಣಿಯನ್ನು ಮತ್ತು ನನ್ನನ್ನು. ಏಣಿ ಹಿತ್ತಿಲ ಗೋಡೆಗೆ ಒರಗಿಕೊಂಡಿರುತ್ತಿತ್ತು, ನಾನು ಪಡಸಾಲೆಯ ಕಂಬಕ್ಕೆ. ಕುಂಬಾರಕೊಪ್ಪಲಿನ ನಮ್ಮ ಬೀದಿಯಲ್ಲಿ ಆಗ ಹೆಂಗಸರು ಒಬ್ಬೊಬ್ಬರೇ ಊರು ಬಿಟ್ಟು ಹೋಗುತ್ತಿರಲಿಲ್ಲ. ಗಂಡ ಜೊತೆಗೆ ಬರಬೇಕು, ಗಂಡನಿಗೆ ಬಿಡುವಿಲ್ಲದಿದ್ದರೆ ಅಣ್ಣನೋ ತಮ್ಮನೋ, ಅವರೂ ಇಲ್ಲದಿದ್ದರೆ ಒಂದು ಮಗು. ಮಗು ತನ್ನದೇ ಆಗಿರಬೇಕು ಅಂತೇನೂ ಇರಲಿಲ್ಲ. ತವರಿಗೆ ಹೊರಟ ಪಕ್ಕದ ಮನೆಯ ಹೊಸ ಸೊಸೆ, ಬಾಣಂತಿ ತಂಗಿಯನ್ನು ನೋಡಲು ಹೊರಟ ಎದುರು ಮನೆಯಾಕೆ, ಯಾರೇ ಆಗಲಿ, ಹಿಂದಿನ ಸಂಜೆ ನಮ್ಮ ಬಾಗಿಲಿಗೆ ಬಂದು ನನ್ನನ್ನು ಕೇಳುತ್ತಿದ್ದರು. ಒಪ್ಪಿಗೆ ಕೊಡುತ್ತಿದ್ದವಳು ಅಜ್ಜಿ. ಅವ್ವನನ್ನು ಯಾರೂ ಕೇಳುತ್ತಿರಲಿಲ್ಲ, ನನ್ನನ್ನಂತೂ ಇಲ್ಲವೇ ಇಲ್ಲ.

“ಕರ್ಕೊಂಡೋಗವ್ವ, ಅದಕ್ಕೇನಂತೆ. ಮಡ್ಲಲ್ಲಿ ಕೂಸಿದ್ರೆ ಯಾವನೂ ನಿನ್ನ ಎಲ್ಲಿಗೆ, ಯಾಕೆ ಅಂತ ಕೇಳಾಕಿಲ್ಲ,” ಅನ್ನುತ್ತಿದ್ದಳು ಅಜ್ಜಿ.

ಅಜ್ಜಿ ಹೇಳಿದ್ದು ಸುಳ್ಳಲ್ಲ. ನನ್ನನ್ನು ಕರೆದುಕೊಂಡು ಹೋದವರಿಗೆಲ್ಲ ಅನುಕೂಲವೇ ಆಯಿತು. ತುಂಬಿದ ಬಸ್ಸಿನಲ್ಲಿ ಯಾರಾದರೂ ಎದ್ದು ಜಾಗ ಕೊಡುತ್ತಿದ್ದರು. ಕಂಡಕ್ಟರು ಏಕವಚನದಲ್ಲಿ ರೇಗುತ್ತಿರಲಿಲ್ಲ. ಪಕ್ಕದಲ್ಲಿ ಬಂದು ಕೂರಲು ಹವಣಿಸುವ ಗಂಡಸು ನನ್ನನ್ನು ಕಂಡು ಮುಂದೆ ಹೋಗುತ್ತಿದ್ದ. ಗೊತ್ತಿಲ್ಲದ ಊರಿನಲ್ಲಿ ಯಾರದೋ ಮನೆಯ ಬಾಗಿಲು ತಟ್ಟಿ ನೀರು ಕೇಳಿದರೆ ಒಳಗೆ ಕರೆದು ಕೂರಿಸುತ್ತಿದ್ದರು. ನನ್ನ ತಮ್ಮನೂ ಇದ್ದ, ಆದರೆ ಅವನು ಊರ ಪಕ್ಕದ ಇಲವಾಲ ಬರುವಷ್ಟರಲ್ಲೇ ವಾಂತಿ ಮಾಡಿಕೊಳ್ಳುತ್ತಿದ್ದ. ನಾನು ವಾಂತಿ ಮಾಡುತ್ತಿರಲಿಲ್ಲ, ಅಳುತ್ತಿರಲಿಲ್ಲ, ಅದು ಬೇಕು ಇದು ಬೇಕು ಎಂದು ಹಟ ಹಿಡಿಯುತ್ತಿರಲಿಲ್ಲ. ಕೂರಿಸಿದಲ್ಲಿ ಕೂರುತ್ತಿದ್ದೆ. ಹೊರಡುವಾಗ ಅಜ್ಜಿ ಒಲೆಯ ಮಸಿಯಲ್ಲಿ ಬೆರಳದ್ದಿ ನನ್ನ ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತಿದ್ದಳು. ಆ ಬೊಟ್ಟು ಬಿದ್ದ ಗಳಿಗೆಯಿಂದ ಮನೆಗೆ ಮರಳುವವರೆಗೆ ನನ್ನೊಳಗೆ ಏನೋ ಜೋಮು ಹಿಡಿದ ಕಾಲಿನಂತೆ ಆಗಿಬಿಡುತ್ತಿತ್ತು. ನೋವೂ ಇಲ್ಲ, ಸಂತೋಷವೂ ಇಲ್ಲ. ಎಲ್ಲರೂ ಅದನ್ನು ಒಳ್ಳೆಯ ಗುಣ ಎಂದು ಹೊಗಳಿದರು, ನಾನೂ ಹಾಗೇ ತಿಳಿದುಕೊಂಡೆ.

ಮೊನ್ನೆ ನನ್ನ ಸೊಸೆ ಮೊಮ್ಮಗಳನ್ನು ಕಟ್ಟಿಕೊಂಡು ರಾಜಸ್ಥಾನಕ್ಕೆ ಹೊರಡುವ ಮುಂಚೆ, ಚಿಕ್ಕ ಮಕ್ಕಳನ್ನು ಊರೂರಿಗೆ ಕರೆದುಕೊಂಡು ಹೋಗುವುದರಿಂದ ಏನೇನು ಲಾಭ ಎಂದು ಫೋನಿನಲ್ಲಿ ಬಂದದ್ದನ್ನು ನನಗೆ ಓದಿ ಹೇಳಿದಳು. ಮಕ್ಕಳಿಗೆ ತಾಳ್ಮೆ ಬರುತ್ತದಂತೆ, ಹೊಸ ಜನರೊಂದಿಗೆ ಹೊಂದಿಕೊಳ್ಳುತ್ತಾರಂತೆ, ಅಮ್ಮನಿಗೂ ಮಗುವಿಗೂ ನಂಟು ಗಟ್ಟಿಯಾಗುತ್ತದಂತೆ. “ಅಲ್ವಾ ಅತ್ತೆ?” ಎಂದು ಕೇಳಿದಳು. ಹೌದು ಎಂದೆ. ತಾಳ್ಮೆ ನನಗೆ ಬೇಕಾದ್ದಕ್ಕಿಂತ ಹೆಚ್ಚೇ ಬಂದಿದೆ. ನನ್ನ ಮದುವೆಯಲ್ಲಿ, ನನ್ನ ಗಂಡ ತೀರಿಕೊಂಡಾಗ, ನಾನು ಕೂರಿಸಿದಲ್ಲಿ ಕೂತಿದ್ದೆ. ಜನ ಗಟ್ಟಿಗಿತ್ತಿ ಅಂದರು. ಆ ಗಟ್ಟಿತನ ಎಲ್ಲಿಂದ ಬಂತು ಎಂದು ಯೋಚಿಸಿದಾಗಲೆಲ್ಲ ನನಗೆ ನೆನಪಾಗುವುದು ಜಯತ್ತೆಯ ಜೊತೆ ಕೆ.ಆರ್. ನಗರಕ್ಕೆ ಹೋಗಿ ಬರುತ್ತಿದ್ದ ಬಸ್ಸು.

ಜಯತ್ತೆ ಅಪ್ಪನ ತಂಗಿ. ಕೆ.ಆರ್. ನಗರಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ಮನೆಗೆ ಕರೆತಂದ ಮೇಲೆ ಒಂದು ಕಬ್ಬಿಣದ ಟ್ರಂಕಿನೊಂದಿಗೆ ನಮ್ಮ ಮನೆಗೆ ವಾಪಸು ಬಂದಳು. ಅವಳ ಮಗಳು ಸುಮ ಅಲ್ಲೇ ಉಳಿದಳು. ಸುಮ ನನಗಿಂತ ಸ್ವಲ್ಪ ದೊಡ್ಡವಳು, ತಾಯಿಯಿಂದ ಅಗಲಿದಾಗ ಇನ್ನೂ ಮಾತು ಕಲಿಯುತ್ತಿದ್ದ ಕೂಸು. ನಮ್ಮದು ಉದ್ದದ ಮನೆ. ಪಡಸಾಲೆ, ನಡುಮನೆ, ಅಡುಗೆಮನೆ, ಹಿತ್ತಿಲು ಒಂದರ ಹಿಂದೊಂದು ಇದ್ದು, ಬೀದಿ ಬಾಗಿಲಲ್ಲಿ ನಿಂತರೆ ಹಿತ್ತಿಲ ನುಗ್ಗೆಮರ ಕಾಣುತ್ತಿತ್ತು. ನಮ್ಮ ತಾತನ ಕಾಲಕ್ಕೇ ಮಡಕೆ ಮಾಡುವ ತಿಗರಿ ಅಟ್ಟ ಸೇರಿತ್ತು. ಅಪ್ಪ ಮಂಡಿ ಮೊಹಲ್ಲಾದಲ್ಲಿ ಗೋಣಿಚೀಲದ ಸಗಟು ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ, ಮನೆಗೆ ಬಂದರೆ ಮೈಯೆಲ್ಲ ಸೆಣಬಿನ ವಾಸನೆ. ಜಯತ್ತೆಗೆ ನಡುಮನೆಯಲ್ಲಿ, ರಾಗಿ ತುಂಬಿದ ವಾಡೆಗಳ ಪಕ್ಕ, ಒಂದು ಚಾಪೆಯಗಲ ಜಾಗ ಸಿಕ್ಕಿತ್ತು. ಅವಳು ಅಲ್ಲಿ ಮಲಗುತ್ತಿದ್ದಳು, ಬೆಳಗಾದರೆ ಚಾಪೆ ಸುತ್ತಿಟ್ಟು ಇಡೀ ಮನೆಯ ಕೆಲಸ ಮಾಡುತ್ತಿದ್ದಳು. ಅವಳು ತೊಳಸುವ ಮುದ್ದೆಯಲ್ಲಿ ಒಂದು ಗಂಟೂ ಇರುತ್ತಿರಲಿಲ್ಲ. ಅದಕ್ಕೇ ಇರಬೇಕು, ಅವ್ವ ಅವಳ ಮೇಲೆ ಹೆಚ್ಚು ಸಿಡುಕುತ್ತಿರಲಿಲ್ಲ.

ಜಗಳ ಆಗುತ್ತಿದ್ದದ್ದು ಒಂದೇ ವಿಷಯಕ್ಕೆ. ಒಂದು ಮಧ್ಯಾಹ್ನ ಅಪ್ಪ ಬಸ್ಸಾರಿನಲ್ಲಿ ಮುದ್ದೆ ಅದ್ದುತ್ತಿದ್ದಾಗ ಜಯತ್ತೆ ತಟ್ಟೆಯ ಎದುರು ಬಂದು ಕೂತಳು.

“ಅಣ್ಣ, ಸುಮನ ಇಲ್ಲಿಗೇ ಕರ್ಕೊಂಬಂದ್ಬುಡ್ತೀನಿ. ನನ್ನ ಪಾಲಿನ ಊಟದಲ್ಲೇ ಆಕ್ತೀನಿ.”

ಅಪ್ಪ ಇನ್ನೊಂದು ತುತ್ತು ಮುರಿದ. ಒಲೆಯ ಮುಂದಿನಿಂದ ಅಜ್ಜಿ ಉತ್ತರ ಕೊಟ್ಟಳು.

“ಊಟ ಆಕೋದಲ್ಲ ಕಣೆ, ನಾಳೆ ಅದರ ಮದ್ವೆ ಯಾರು ಮಾಡೋರು? ಅದು ಆ ಮನೆ ಕೂಸು. ಅಲ್ಲೇ ಇರ್ಲಿ. ನೀನು ಆ ಕಡೆ ತಲೆ ಆಕಿದ್ರೆ ಅದನ್ನ ನಿನ್ನ ಕಣ್ಣಿಗೆ ಬೀಳದಂಗೆ ಎಲ್ಲಾದ್ರೂ ಸಾಗಿಸ್ತೀವಿ ಅಂದವ್ರೆ. ಆಡಿದ್ದನ್ನ ಮಾಡೋ ಜನ ಅವ್ರು.”

“ಒಂದ್ಸಲ ನೋಡ್ಕೊಂಡಾದ್ರೂ ಬತ್ತೀನಿ ಅಣ್ಣ.”

“ಬೇಡ ಅಂದ್ರೆ ಬೇಡ,” ಅಂದ ಅಪ್ಪ. ಎದ್ದು ಕೈ ತೊಳೆದು ಅಂಗಡಿಗೆ ಹೋದ.

ಆ ವರ್ಷವೇ ನನ್ನ ಎಡಗಿವಿ ಸೋರತೊಡಗಿತು. ಅವ್ವ ಉಪ್ಪು ಕಾಯಿಸಿ ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟಳು, ಅಜ್ಜಿ ಯಾವುದೋ ಸೊಪ್ಪಿನ ರಸ ಬಿಟ್ಟಳು, ಏನು ಮಾಡಿದರೂ ದಿಂಬು ಒದ್ದೆಯಾಗುವುದು ನಿಲ್ಲಲಿಲ್ಲ. ಆಗ ಜಯತ್ತೆಯೇ ಹೇಳಿದಳು, ಕೆ.ಆರ್. ನಗರದಲ್ಲಿ ಕಿವಿಗೆ ಎಣ್ಣೆ ಕೊಡುವ ಪಂಡಿತರೊಬ್ಬರಿದ್ದಾರೆ ಎಂದು. ಪಂಡಿತರ ಮನೆ ಬಸ್‌ಸ್ಟ್ಯಾಂಡಿನ ಹತ್ತಿರ, ಗಂಡನ ಮನೆ ಊರಿನ ಆಚೆ ತುದಿಗೆ. ಅಜ್ಜಿ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಕೊನೆಗೆ ಮಗು ಜೊತೆಗಿದೆಯಲ್ಲ, ಮಗುವಿನ ಕೆಲಸಕ್ಕೇ ತಾನೆ ಹೋಗುವುದು ಎಂದು ಒಪ್ಪಿಕೊಂಡಳು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಆ ಎಣ್ಣೆ ನಿಜವಾಗಿಯೂ ಒಳ್ಳೆಯದು. ಎರಡನೆಯ ಸಲ ಹೋಗಿ ಬರುವಷ್ಟರಲ್ಲಿ ಕಿವಿ ಒಣಗಿತ್ತು. ಆದರೆ ಜಯತ್ತೆ ಅದನ್ನು ಮನೆಯಲ್ಲಿ ಹೇಳಲಿಲ್ಲ. ದಿನಾ ಬೆಳಿಗ್ಗೆ ಹತ್ತಿಯನ್ನು ಉಂಡೆ ಮಾಡಿ, ಎಣ್ಣೆಯಲ್ಲಿ ಅದ್ದಿ, ನನ್ನ ಕಿವಿಗೆ ತುರುಕುತ್ತಿದ್ದಳು. ಅಮಾವಾಸ್ಯೆ ಕಳೆದ ಮೇಲೊಮ್ಮೆ ಬರಬೇಕು, ಭಾನುವಾರ ಪಂಡಿತರು ಸಿಗುವುದಿಲ್ಲ ಎಂದು ಅಜ್ಜಿಗೆ ಹೇಳಿದ್ದಳು. ಹಾಗಾಗಿ ನಾನು ತಿಂಗಳಿಗೊಂದು ದಿನ ಶಾಲೆ ತಪ್ಪಿಸಿಕೊಂಡೆ. ಶಾಲೆಯ ಮಕ್ಕಳು ನನಗೆ ಬೆಳ್ಳುಳ್ಳಿ ಅಂತಲೇ ಹೆಸರಿಟ್ಟರು.

ಬಸ್ಸಿನಲ್ಲಿ ಜಯತ್ತೆ ಮಾತಾಡುತ್ತಿರಲಿಲ್ಲ. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಎರಡೂ ಕೈಗಳಿಂದ ನನ್ನ ಹೊಟ್ಟೆಯನ್ನು ಬಳಸಿ ಹಿಡಿದಿರುತ್ತಿದ್ದಳು. ಸಾಗರಕಟ್ಟೆಯ ಹತ್ತಿರ ನೀರು ಕಂಡಾಗ ಹಿಡಿತ ಬಿಗಿಯಾಗುತ್ತಿತ್ತು. ಊರು ಬಂದ ಮೇಲೆ ಸೆರಗನ್ನು ತಲೆಯ ಮೇಲೆ ಹೊದ್ದು, ಪಂಡಿತರ ಮನೆಯನ್ನು ಆಮೇಲಕ್ಕಿಟ್ಟು ನೇರ ಒಂದು ಶಾಲೆಯ ಗೇಟಿಗೆ ಹೋಗುತ್ತಿದ್ದಳು. ಗೇಟಿನ ಎದುರು ಹುಣಸೆಮರದ ಕೆಳಗೆ ಒಬ್ಬ ಅಜ್ಜಿ ಗೋಣಿತಾಟಿನ ಮೇಲೆ ನೆಲ್ಲಿಕಾಯಿ, ಸೀಬೆಕಾಯಿ ಹರವಿಕೊಂಡು ಕೂತಿರುತ್ತಿದ್ದಳು. ಜಯತ್ತೆ ನನಗೆ ನೆಲ್ಲಿಕಾಯಿ ಕೊಡಿಸಿ ಅಲ್ಲಿ ನಿಲ್ಲುತ್ತಿದ್ದಳು. ಶಾಲೆಯ ಮುಂದೆ ಹೆಂಗಸೊಬ್ಬಳು ಸುಮ್ಮನೆ ಗಂಟೆಗಟ್ಟಲೆ ನಿಂತರೆ ನಾಲ್ಕು ಜನ ತಿರುಗಿ ನೋಡುತ್ತಾರೆ, ಯಾರು ಏನು ಎಂದು ವಿಚಾರಿಸುತ್ತಾರೆ, ಮಾತು ಆ ಮನೆಯವರೆಗೆ ಹೋಗುತ್ತದೆ. ನೆಲ್ಲಿಕಾಯಿ ತಿನ್ನುವ ಮಗುವಿನ ಪಕ್ಕ ನಿಂತ ಹೆಂಗಸನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ. ಬಿಡುವಿನ ಗಂಟೆ ಬಾರಿಸಿದಾಗ ಮಕ್ಕಳೆಲ್ಲ ಹೊರಗೆ ನುಗ್ಗುತ್ತಿದ್ದರು.

“ಅಗೋ ನೋಡು ಪುಟ್ಟಿ, ಎರಡು ಜಡೆಯವಳು. ಕೈ ತೋರಿಸ್ಬೇಡ. ಅವಳೇ ನಮ್ಮ ಸುಮ.”

ನಾನು ನೋಡಿದೆ. ಮೊಣಕಾಲಿನ ಕೆಳಗೆ ಇಳಿದ ಲಂಗ, ಎರಡು ಜಡೆಗಳಲ್ಲಿ ಬೇರೆ ಬೇರೆ ಬಣ್ಣದ ಟೇಪು. ಅವಳು ಬಂದು ಸೀಬೆಕಾಯಿ ಕೊಂಡು ಹೋಗುತ್ತಿದ್ದಳು, ಕೆಲವೊಮ್ಮೆ ಬರುತ್ತಲೇ ಇರಲಿಲ್ಲ. ಬಂದ ದಿನ ಜಯತ್ತೆ ನನಗೆ ಇನ್ನೊಂದು ನೆಲ್ಲಿಕಾಯಿ ಕೊಡಿಸುತ್ತಿದ್ದಳು. ಮನೆಯಲ್ಲಿ ಏನೂ ಹೇಳಬೇಡ ಎಂದು ಜಯತ್ತೆ ಒಮ್ಮೆಯೂ ನನಗೆ ಹೇಳಿಕೊಡಲಿಲ್ಲ. ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ, ಆದ್ದರಿಂದ ನಾನು ಹೇಳುವ ಪ್ರಸಂಗವೇ ಬರಲಿಲ್ಲ. ಕಿವಿಯಲ್ಲಿ ಸದಾ ಹತ್ತಿ ಇದ್ದದ್ದರಿಂದ ನಾನು ಕಿವುಡಿ ಎಂದು ಮನೆಯವರೆಲ್ಲ ನಂಬಿಬಿಟ್ಟಿದ್ದರು. ಅವ್ವ ನನ್ನನ್ನು ಊಟಕ್ಕೆ ಕರೆದರೆ ಬೀದಿಯ ಆ ತುದಿಯವರೂ ತಿರುಗಿ ನೋಡುತ್ತಿದ್ದರು. ಉಳಿದ ಹೊತ್ತು ನನ್ನೆದುರಿಗೇ ಏನು ಬೇಕಾದರೂ ಮಾತಾಡಿಕೊಳ್ಳುತ್ತಿದ್ದರು. ಈ ಕಿವುಡಿಯನ್ನು ಮುಂದೆ ಯಾರು ಮದುವೆಯಾಗುತ್ತಾರೆ ಎಂದು ಅವ್ವ ಅಜ್ಜಿಯ ಹತ್ತಿರ ಅತ್ತದ್ದನ್ನೂ ನಾನು ಅವರ ಮಧ್ಯೆ ಕೂತು ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡೆ. ಬೇರೆ ಯಾರದೋ ವಿಷಯ ಕೇಳಿದ ಹಾಗಿತ್ತು.

ಅವ್ವನ ಅಳು ಅಪ್ಪನ ಕಿವಿಗೆ ಬಿದ್ದಿರಬೇಕು. ಒಂದು ದಿನ ಅಂಗಡಿಗೆ ರಜ ಹಾಕಿ ನನ್ನನ್ನು ಕೃಷ್ಣಮೂರ್ತಿಪುರಂನಲ್ಲಿ ಮನೆಯಲ್ಲೇ ರೋಗಿಗಳನ್ನು ನೋಡುತ್ತಿದ್ದ ವಯಸ್ಸಾದ ಕಿವಿ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದ. ಹೊರಡುವಾಗ ಜಯತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕಿವಿ ವಾಸಿಯಾಗಿದೆ ಎಂದು ಡಾಕ್ಟರು ಹೇಳಿಬಿಟ್ಟರೆ ಅವಳು ಕೆ.ಆರ್. ನಗರಕ್ಕೆ ಹೋಗುವುದು ಅಂದಿಗೇ ಮುಗಿಯುತ್ತದೆ ಎನ್ನುವುದು ನನಗೂ ಗೊತ್ತಿತ್ತು. ಅವಳು ನನಗೆ ಕಣ್ಸನ್ನೆಯನ್ನೂ ಮಾಡಲಿಲ್ಲ. ಸಾರಿಸಿದ ನೆಲವನ್ನೇ ಮತ್ತೆ ಸಾರಿಸಲು ಒಳಗೆ ಹೋದಳು. ಡಾಕ್ಟರು ಹತ್ತಿ ತೆಗೆದು, ದೀಪ ಹಿಡಿದು ಕಿವಿಯೊಳಗೆ ಇಣುಕಿದರು. ಆಮೇಲೆ ನನ್ನ ಬಲಗಿವಿಯನ್ನು ಅಂಗೈಯಲ್ಲಿ ಮುಚ್ಚಿ, ಬೆನ್ನ ಹಿಂದೆ ನಿಂತು ಪಿಸುಗುಟ್ಟಿದರು.

“ಪುಟ್ಟಿ, ಪೆಪ್ಪರ್‌ಮೆಂಟ್ ಬೇಕಾ?”

ನನಗೆ ಬೇಕಿತ್ತು. ಎದುರಿನ ಗೋಡೆಯ ಮೇಲೆ ಒಂದು ಹಲ್ಲಿ ಇತ್ತು, ಅದನ್ನೇ ನೋಡುತ್ತಾ ಕೂತೆ. ಅವರು ಸ್ವಲ್ಪ ದನಿ ಏರಿಸಿ ಮತ್ತೆ ಕೇಳಿದರು. ಬಸ್ಸಿನಲ್ಲಿ ಹೇಗೆ ಕೂರುತ್ತಿದ್ದೆನೋ ಅಲ್ಲೂ ಹಾಗೇ ಕೂತಿದ್ದೆ. ಅದಕ್ಕಾಗಿ ನಾನೇನೂ ಕಷ್ಟಪಡಬೇಕಾಗಲಿಲ್ಲ.

“ಒಳಗೆ ಒಣಗಿದೆ ಕಣ್ರೀ,” ಎಂದರು ಡಾಕ್ಟರು ಅಪ್ಪನಿಗೆ. “ಆದ್ರೂ ಮಗೂಗೆ ಕೇಳಿಸ್ತಿರೋ ಹಾಗೆ ಕಾಣಲ್ಲ. ಸ್ವಲ್ಪ ದಿನ ಕಾದು ನೋಡೋಣ.”

ನಡೆಯುವ ವಯಸ್ಸಿನ ನನ್ನನ್ನು ಅಪ್ಪ ಬಸ್‌ಸ್ಟಾಪಿನವರೆಗೂ ಎತ್ತಿಕೊಂಡು ಬಂದ. ಮನೆಗೆ ಬಂದವನೇ, ಪಂಡಿತರ ಎಣ್ಣೆ ನಿಲ್ಲಿಸಬೇಡ, ತಪ್ಪದೆ ಕರೆದುಕೊಂಡು ಹೋಗು ಎಂದು ಜಯತ್ತೆಗೆ ಹೇಳಿದ. ಅವಳು ಆಗಲಿ ಅಣ್ಣ ಅಂದಳು. ಅವಳು ನನ್ನ ಮುಖ ನೋಡಲಿಲ್ಲ. ಅಂದು ನನ್ನ ತಟ್ಟೆಗೆ ಎರಡು ಚಮಚ ತುಪ್ಪ ಬಿತ್ತು.

ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಮತ್ತೆ ಹೋದೆವು. ಅಂದು ಸುಮ ಒಬ್ಬಳೇ ಗೇಟು ದಾಟಿ ಬಂದಳು. ನಮ್ಮನ್ನು ಅಷ್ಟು ಸಲ ನೋಡಿದ್ದರಿಂದ ಅವಳಿಗೆ ನಾವು ಗುರುತಿನವರಾಗಿದ್ದೆವು. ನನ್ನ ಹತ್ತಿರ ಬಂದು, ಬಗ್ಗಿ, ಕಿವಿಯ ಹತ್ತಿಯನ್ನು ನೋಡಿದಳು.

“ಇದಕ್ಕೇನಾಗದೆ?”

“ಸೋರ್ತಿತ್ತು ಕಣವ್ವ. ಔಸ್ತಿ ಆಕಿಸ್ತಾ ಇವ್ನಿ,” ಅಂದಳು ಜಯತ್ತೆ. ಅವಳು ಮಗಳ ಜೊತೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸುಮ ನನ್ನ ಕಡೆ ತಿರುಗಿದಳು. “ನಿಮ್ಮವ್ವ ಎಲ್ಲೋದ್ರೂ ನಿನ್ನ ಕರ್ಕೊಂಡೇ ಓಯ್ತರಾ?”

ನಾನು ಜಯತ್ತೆಯನ್ನು ನೋಡಿದೆ. ಇವರು ನಮ್ಮವ್ವ ಅಲ್ಲ ಎನ್ನುವುದು ಅವಳೇ ಹೇಳಬೇಕಾದ ಮಾತು. ನೆಲ್ಲಿಕಾಯಿ ಮಾರುವ ಅಜ್ಜಿ ಕೇಳಿಸಿಕೊಳ್ಳುತ್ತಿದ್ದಳು, ಗೇಟಿನ ಹತ್ತಿರ ಒಬ್ಬ ಮೇಷ್ಟ್ರು ನಿಂತಿದ್ದರು. ಜಯತ್ತೆ ನನ್ನ ತಲೆಯ ಮೇಲೆ ಕೈಯಿಟ್ಟಳು.

“ಊಂ ಕಣವ್ವ. ಬುಟ್ಟಿರಕ್ಕಾಗಲ್ಲ ನಂಗೆ.”

“ನಮ್ಮವ್ವ ನನ್ನ ಬುಟ್ಬುಟ್ಟು ಒಂಟೋದ್ಲಂತೆ,” ಅಂದಳು ಸುಮ. “ನಾನು ಬ್ಯಾಡ ಅಂತ. ನಮ್ಮಜ್ಜಿ ಯೋಳ್ತದೆ.”

ಅವಳು ಅದನ್ನು ಅಳುತ್ತಾ ಹೇಳಲಿಲ್ಲ. ನಾಳೆ ಶಾಲೆಗೆ ರಜ ಎನ್ನುವಂತೆ ಹೇಳಿದಳು. ನಾನು ಮಾತಾಡಿದ್ದರೆ ನನ್ನ ದನಿಯೂ ಹಾಗೇ ಇರುತ್ತಿತ್ತು. ಅದಕ್ಕೇ ಇರಬೇಕು, ಅವಳು ನನಗೆ ಅಕ್ಕನಂತೆ ಕಂಡಳು. ಜಯತ್ತೆ ಸೀಬೆಕಾಯಿ ಆರಿಸಿ ಅವಳ ಕೈಗಿಟ್ಟಳು. ಗಂಟೆ ಹೊಡೆಯಿತು, ಸುಮ ಓಡಿದಳು. ಓಡುತ್ತಾ ಒಮ್ಮೆ ತಿರುಗಿ ನಮ್ಮಿಬ್ಬರನ್ನೂ ನೋಡಿದಳು. ಆ ನೋಟದಲ್ಲಿದ್ದದ್ದು ಆಸೆ. ನನ್ನ ತಲೆಯ ಮೇಲಿದ್ದ ಕೈಯ ಮೇಲಿನ ಆಸೆ. ಇಷ್ಟು ವರ್ಷಗಳ ನಂತರ ನನಗೆ ಸಂಕಟವಾಗುವುದು ಅದೊಂದನ್ನು ನೆನೆದಾಗ ಮಾತ್ರ.

ವಾಪಸು ಬರುವ ಬಸ್ಸಿನಲ್ಲಿ ಜಯತ್ತೆ ನನ್ನ ಕಿವಿಯ ಹತ್ತಿ ತೆಗೆದು ಕಿಟಕಿಯಿಂದಾಚೆ ಎಸೆದಳು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, ಪುಟ್ಟಿಗೆ ವಾಸಿಯಾಯಿತು, ಇನ್ನು ಪಂಡಿತರ ಹತ್ತಿರ ಹೋಗುವುದು ಬೇಡ ಎಂದು ಅಜ್ಜಿಗೆ ಹೇಳಿದಳು. ಅಪ್ಪ ನಂಬಲಿಲ್ಲ. ಅಡುಗೆಮನೆಯಿಂದ ಮೆಲ್ಲಗೆ ಪುಟ್ಟಿ ಎಂದು ಕರೆದ. ನಾನು ಜಯತ್ತೆಯನ್ನು ನೋಡಿದೆ, ಅವಳು ತಲೆಯಾಡಿಸಿದಳು, ನಾನು ಓ ಎಂದೆ. ಅಪ್ಪ ಒಲೆಯ ಮುಂದೆ ಕುಕ್ಕರಿಸಿ ಕೂತು ಅತ್ತ. ಗಂಡಸು ಅಳುವುದನ್ನು ನಾನು ನೋಡಿದ್ದು ಅಂದೇ. ಅವ್ವ ಶಾವಿಗೆ ಪಾಯಸ ಮಾಡಿದಳು, ಜಯತ್ತೆ ಎಲ್ಲರಿಗೂ ಬಡಿಸಿದಳು. ಆದರೂ ಅವ್ವ ಬಹಳ ದಿನ ನನ್ನ ಜೊತೆ ಕೂಗಿಯೇ ಮಾತಾಡುತ್ತಿದ್ದಳು, ಅದು ಅವಳಿಗೆ ರೂಢಿಯಾಗಿಹೋಗಿತ್ತು.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ಮನೆಯವರು ಆಡಿದ್ದನ್ನೇ ಮಾಡಿದರು. ಸುಮಳನ್ನು ಶಾಲೆ ಬಿಡಿಸಿ ದೂರದ ನೆಂಟರ ಮನೆಗೆ ಸಾಗಿಸಿದರು. ಜಯತ್ತೆ ಅವಳನ್ನು ಮತ್ತೆ ಕಂಡದ್ದು, ಸುಮ ತಾನೇ ಬೀದಿ ಬೀದಿ ವಿಚಾರಿಸಿಕೊಂಡು ನಮ್ಮ ಬಾಗಿಲಿಗೆ ಬಂದು ನಿಂತಾಗ. ಅಷ್ಟರಲ್ಲಿ ಜಯತ್ತೆಯ ತಲೆ ನರೆತಿತ್ತು. ಇಷ್ಟು ನಷ್ಟವಾಗುತ್ತದೆ ಎನ್ನುವುದು ಅವಳಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಹೊರಟಳು.

ಅವಳು ಹೊರಟದ್ದು ಮರುತಿಂಗಳು, ಅಮಾವಾಸ್ಯೆ ಕಳೆದ ಮೇಲೆ. ಅಂದು ಬೆಳಿಗ್ಗೆ ಎದ್ದು ತಲೆಗೆ ನೀರು ಹಾಕಿಕೊಂಡು, ಟ್ರಂಕಿನಿಂದ ತನ್ನ ಮದುವೆಯ ಸೀರೆ ತೆಗೆದು ಉಟ್ಟಳು. ಎಲ್ಲಿಗೆ ಎಂದು ಅಪ್ಪ ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ, ಸುಮನ ಇಸ್ಕೂಲಿಗೆ ಎಂದಳು. ಅಪ್ಪ ಕೂಗಾಡಿದ. ಅವ್ವ ನಡುಮನೆಯ ಬಾಗಿಲಿಗೆ ಅಡ್ಡ ನಿಂತಳು, ಆಮೇಲೆ ತಾನೇ ಸರಿದು ದಾರಿ ಬಿಟ್ಟಳು. ಇವಳು ಮಾತು ಕೇಳುವವಳಲ್ಲ ಎಂದು ಅಜ್ಜಿಗೆ ಎಲ್ಲರಿಗಿಂತ ಮೊದಲು ಅರ್ಥವಾಗಿರಬೇಕು. ನನ್ನನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದು ಜಗಲಿಯ ಮೇಲೆ ನಿಲ್ಲಿಸಿದಳು.

“ಓಗೋದೇ ಆದ್ರೆ ಒಬ್ಳೇ ಓಗ್ಬೇಡ ಕಣೆ. ಪುಟ್ಟೀನಾದ್ರೂ ಕರ್ಕೊಂಡೋಗು. ಕೂಸು ಜೊತೇಲಿದ್ರೆ ನೀನ್ಯಾರು ಅಂತ ಯಾರೂ ಕೇಳಾಕಿಲ್ಲ.”

ಜಯತ್ತೆ ಸೆರಗನ್ನು ತಲೆಯ ಮೇಲೆ ಹೊದೆಯಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಕೇಳ್ಲಿ ಬುಡವ್ವ. ಪುಟ್ಟಿ ಪಕ್ಕದಲ್ಲಿದ್ರೆ ನಾನು ಪುಟ್ಟಿಯವ್ವ ಅಂದ್ಕೊತಾಳೆ ನನ್ನ ಮಗಳು.”

ಹಾಗೆಂದು ಮೆಟ್ಟಿಲಿಳಿದು ಒಬ್ಬಳೇ ಹೋದಳು. ನಾನು ಆ ದಿನ ಶಾಲೆಗೆ ಹೋದೆ.